ಮೂರು ಲಕ್ಷದ ತೆರೆದ ಕಾರು

ಮೂರು ಲಕ್ಷ ಅಂದವನು ಮೂರು ಲಕ್ಷದಲ್ಲೇ ಯಾಕೆ ನಿಂತಿದ್ದಾನೆ? ಆ ದುಡ್ಡಿಗೆ ಹೊಸ ಅಂಬಾಸಿಡರ್ ಕೊಂಡು ಮೇಲೊಂದಿಷ್ಟು ಉಳಿಸಬಹುದು. ಮಾರುವವನು ಸ್ವಲ್ಪವಾದರೂ ಇಳಿಯಬೇಕು. ಇಳಿಯುವುದೇ ಇಲ್ಲವೆಂದರೆ ಏನೋ ಮುಚ್ಚಿಟ್ಟಿದ್ದಾನೆ. ಕದ್ದ ಮಾಲೋ? ಜೀಪಿನ ಇಂಜಿನ್ನಿಗೆ ಹಳೆಯ ಮೈ ಹೊದಿಸಿದ್ದಾನೋ?

ತೊಪ್ಪೂರು ಘಾಟಿಯಲ್ಲಿ ಬಸ್ಸು ಮುಲುಕುತ್ತ ಇಳಿಯುವಾಗ ಚೆನ್ನಕೇಶವ ಹೀಗೆ ಯೋಚಿಸುತ್ತಿದ್ದ. ಬಿ.ಕಾಂ. ಮುಗಿಸಿದ ಮೇಲೆ ಅವನ ಬಳಿ ಉಳಿದಿದ್ದ ಆಸ್ತಿ ಅನುಮಾನ ಒಂದೇ.

ಮುಂದಿನ ಸೀಟಿನಲ್ಲಿ ಅವನ ಮಾವ ಕೃಷ್ಣಪ್ಪನವರೂ ಅವರ ಪಕ್ಕದಲ್ಲಿ, ಕಾರು ಪರೀಕ್ಷಿಸಲು ಹೊರಟಿದ್ದ ಹಳೆಯ ಲಾರಿ ಡ್ರೈವರ್ ಕರಿಯಪ್ಪನೂ ಕೂತಿದ್ದರು. ಕೃಷ್ಣಪ್ಪನವರಿಗೆ ಧರ್ಮಪುರಿಯಲ್ಲಿ ಕಲ್ಯಾಣ ಮಂಟಪವಿತ್ತು. ಮದುವೆಯ ಹಿಂದಿನ ಸಂಜೆ ಗಂಡನ್ನು ತೆರೆದ ಕಾರಿನಲ್ಲಿ ಕೂರಿಸಿ, ನಾದಸ್ವರ ಊದಿಸಿ, ಊರೆಲ್ಲ ನೋಡುವಂತೆ ಮಂಟಪಕ್ಕೆ ಕರೆತರುವುದು ಆ ಕಡೆಯ ಪದ್ಧತಿ. ಸ್ವಂತ ತೆರೆದ ಕಾರಿದ್ದ ಮಂಟಪ ಧರ್ಮಪುರಿಯಲ್ಲಿ ಒಂದೂ ಇರಲಿಲ್ಲ.

ಕಾರು ಬಂದರೆ ಅದರ ಉಸ್ತುವಾರಿ ಅಳಿಯನಿಗೆ ಎಂದು ಮಾವ ಮಾತು ಕೊಟ್ಟಿದ್ದರು. ಮೂರು ವರ್ಷದಿಂದ ಕೇಶವ ಮಂಟಪದ ಉಗ್ರಾಣದಲ್ಲಿ ಕೂತು ಸೌಟು ಚೊಂಬು ಕಾಯುತ್ತಿದ್ದ. ಪ್ರತಿ ಮದುವೆಗೂ ಒಂದು ಸೌಟು ಕಾಣೆಯಾಗುತ್ತಿತ್ತು. ಬೈಗುಳ ಮಾತ್ರ ಒಂದು ಸಲವೂ ಕಾಣೆಯಾಗಿರಲಿಲ್ಲ.

ಮಾವನ ಉಪಾಯ ಹಳೆಯದು. ಮಾರುವವನೊಂದಿಗೆ ಊರಿನ ತಮಿಳು, ತಮ್ಮೊಳಗೆ ಮನೆಮಾತು ಕನ್ನಡ. ಸಂತೆಯಲ್ಲಿ ಎತ್ತು ಕೊಳ್ಳುವಾಗಲೂ ಜವಳಿ ಅಂಗಡಿಯಲ್ಲಿ ಸೀರೆ ಕೊಳ್ಳುವಾಗಲೂ ಅವರ ಮನೆತನ ಹೀಗೇ ಗೆದ್ದಿತ್ತು.

"ನಮ್ ಮಾತು ಬೀಗ ಇದ್ದಂಗೆ, ಮಾಪ್ಳೆ. ಅವ್ನ್ ಎದುರ್ಗೇ ಗುಟ್ಟು ಏಳ್ಬೋದು," ಎಂದು ಮಾವ ಬಸ್ಸಿಳಿಯುವಾಗ ಅಳಿಯನಿಗೆ ನೆನಪಿಸಿದರು.

ಸೇಲಂನಲ್ಲಿ ಅರುಣಾಚಲಂ ಎಂಬ ಮೆಕ್ಯಾನಿಕ್ಕಿನ ಶೆಡ್ಡು. ನಲವತ್ತೇಳನೇ ಇಸವಿಯ ವಿಲಾಯಿತಿ ಕಾರು. ಏರ್ಕಾಡಿನ ಕಾಫಿ ಎಸ್ಟೇಟಿನ ದೊರೆ ಬಿಟ್ಟುಹೋಗಿದ್ದನ್ನು ಅರುಣಾಚಲಂ ನಾಲ್ಕು ವರ್ಷ ಕೂತು ರಿಪೇರಿ ಮಾಡಿದ್ದನಂತೆ. ಮೇಲಿನ ಕ್ಯಾನ್ವಾಸು ಛತ್ರಿಯಂತೆ ಮಡಚಿ ಹಿಂದಕ್ಕೆ ಹೋಯಿತು. ಕೆಂಪು ಮೈ ಎಣ್ಣೆಸ್ನಾನ ಮಾಡಿ ಎದ್ದ ಹೊಸ ಅಳಿಯನಂತೆ ಹೊಳೆಯುತ್ತಿತ್ತು. ಅರುಣಾಚಲಂ ಮಾತ್ರ ಅದೇ ಮೂರು ಲಕ್ಷ ಹೇಳಿ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಎಡಗಡೆ ಬಾಗಿಲು ಜೋತಿದೆ ಎಂದು ಕರಿಯಪ್ಪ ಕನ್ನಡದಲ್ಲಿ ಗೊಣಗಿದ. ಸ್ವಲ್ಪ ಹೊತ್ತಿಗೆ ಅರುಣಾಚಲಂ ಏನೂ ತಿಳಿಯದವನಂತೆ ಹೋಗಿ ಎಡಬಾಗಿಲನ್ನು ತೆರೆದು ಮುಚ್ಚಿ ತೋರಿಸಿದ. ಈ ಜಿಪುಣ ಒಂದು ಲೋಟ ಮಜ್ಜಿಗೆಯನ್ನೂ ಕೊಡಲಿಲ್ಲವಲ್ಲ ಎಂದು ಮಾವ ಕನ್ನಡದಲ್ಲೇ ನೊಂದರು. ಮಜ್ಜಿಗೆ ಬಂತು. ಮಾವ ಕುಡಿದು, ಬಾಯೊರೆಸಿಕೊಂಡು, ಕರಿಯಪ್ಪನಿಗೆ ಹೇಳಿದರು:

"ನಾಲ್ಕ್ ಕೇಳಿದ್ರೂ ಬಿಡಂಗಿಲ್ಲ ಕಣ್ಲಾ. ಮುನ್ಸಿಪಾಲ್ಟಿ ಚೇರ್ಮನ್ ಮಗನ್ ಮದ್ವೆಗೆ ಕಾರು ಐತೆ ಅಂತ ಏಳ್ಬಿಟ್ಟಿವ್ನಿ."

ಅರುಣಾಚಲಂ ಗಂಟಲು ಸರಿಪಡಿಸಿಕೊಂಡ. ನಿನ್ನೆ ಈರೋಡಿನ ಪಾರ್ಟಿಯೊಂದು ಬಂದಿತ್ತು, ಆದ್ದರಿಂದ ಈಗ ಮೂರೂವರೆ ಎಂದು ತಮಿಳಿನಲ್ಲಿ ತಿಳಿಸಿದ.

ಕೇಶವನ ಅನುಮಾನ ಇಂಜಿನ್ನನ್ನು ಬಿಟ್ಟು ಅರುಣಾಚಲಂನ ಕಿವಿಗೆ ತಿರುಗಿತು. ಅವನು ಬೆನ್ನು ಹಾಕಿ ನಿಂತಿದ್ದಾಗ ಕೇಶವ ಕರಿಯಪ್ಪನಿಗೆ ಮೆಲ್ಲಗೆ, "ಅವ್ರ್ ಎಗಲ್ ಮೇಲೆ ಅಲ್ಲಿ ಬಿದ್ದೈತೆ, ನೋಡು," ಎಂದು ಹಲ್ಲಿಯ ಸುಳ್ಳೊಂದನ್ನು ಹರಿಬಿಟ್ಟ. ಅರುಣಾಚಲಂ ಬೆಚ್ಚಿ ಎರಡೂ ಹೆಗಲು ಕೊಡವಿಕೊಂಡ. ಟವೆಲ್ಲನ್ನೂ ಒದರಿದ.

ಸೇಲಂ ಪೇಟೆಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಬೀದಿಗೊಬ್ಬರು ಇದ್ದಾರೆಂದು ಕೇಶವನಿಗೆ ಆಗ ನೆನಪಾಯಿತು. ಮಾವನಿಗೆ ಸನ್ನೆ ಮಾಡಬಹುದಿತ್ತು. ಆದರೆ ಮೂರು ವರ್ಷದಲ್ಲಿ ಮೊದಲ ಸಲ ಅವನ ಕೈಗೊಂದು ಆಯುಧ ಸಿಕ್ಕಿತ್ತು. ಕಳ್ಳಕಿವಿಗೆ ಸುಳ್ಳನ್ನೇ ಉಣಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ; ಕಾರಿನ ಜೊತೆ ಮರ್ಯಾದೆಯೂ ಬರುತ್ತದೆ.

ಇಂಗ್ಲಿಷ್ ಓದಬಲ್ಲವನು ಅವನೊಬ್ಬನೇ ಆದ್ದರಿಂದ ಆರ್‌ಸಿ ಬುಕ್ಕು ಅವನ ಕೈಯಲ್ಲೇ ಇತ್ತು. ಇಂಜಿನ್ನಿನ ನಂಬರಿನೊಂದಿಗೆ ಮೂರು ಸಲ ತಾಳೆ ನೋಡಿದ್ದ, ಒಂದಂಕಿಯೂ ತಪ್ಪಿರಲಿಲ್ಲ. ಅವನು ಬುಕ್ಕು ಮುಚ್ಚಿ, ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡು ಹೇಳಿದ:

"ಮಾವ, ಬುಕ್ಕಲ್ಲಿರೋ ನಂಬರ್ ಬ್ಯಾರೆ, ಇಂಜಿನ್ ಮೇಲಿರೋದು ಬ್ಯಾರೆ."

ಅರುಣಾಚಲಂನ ಮುಖ ಮಜ್ಜಿಗೆಗಿಂತ ಬಿಳಿಯಾಯಿತು. ಹಾಗಲ್ಲ ಎನ್ನಬೇಕಾದರೆ ಕನ್ನಡ ಬರುತ್ತದೆಂದು ಒಪ್ಪಿಕೊಳ್ಳಬೇಕು. ಬೆಳಗಿನಿಂದ ಕದ್ದು ಕೇಳಿದ್ದೆಲ್ಲ ಬಯಲಾಗುತ್ತದೆ.

"ಸರಿಂಗ. ರೆಂಡೇಮುಕ್ಕಾಲ್ ಕುಡುಂಗ," ಎಂದು ಎರಡೂಮುಕ್ಕಾಲಿಗೆ ಬಂದ. ಮರುಗಳಿಗೆಯಲ್ಲೇ ಎರಡೂವರೆಗೆ ಇಳಿದ.

ಗೆದ್ದ ಸಂತೋಷದಲ್ಲಿ ಕೇಶವ ಮಾವನ ಕಡೆ ತಿರುಗಿದ. ಮಾವ ಆಗಲೇ ಚಪ್ಪಲಿ ಮೆಟ್ಟಿದ್ದರು. ಅವರ ಮನೆಯಲ್ಲಿ ಸುಳ್ಳಿಗೆ ತಮಿಳು, ನಿಜಕ್ಕೆ ಕನ್ನಡ. ಅಳಿಯ ಕನ್ನಡದಲ್ಲಿ ಹೇಳಿದ ಮೇಲೆ ಅದನ್ನು ನಂಬದಿರಲು ಕಾರಣವೇ ಇರಲಿಲ್ಲ.

"ಮಾವ, ಎರಡೂವರೆ ಅಂತಾವ್ರೆ," ಎಂದು ಕೇಶವ ಹಿಂದೆ ಓಡಿದ.

"ಕೇಳ್ದೆ ಇದ್ರೂ ಇಳಿಸ್ತಾವ್ನಲ್ಲ, ಅದೇ ಸಾಕ್ಷಿ. ಚೇರ್ಮನ್ ಮಗ ಕದ್ದ ಕಾರಲ್ಲಿ ಬಂದ್ರೆ ಪೊಲೀಸ್ನೋರು ನನ್ ಮಂಟಪಕ್ಕೇ ಬೀಗ ಆಕ್ತಾರೆ. ನಡಿ."

ಇಂಜಿನ್ನಿನ ಸದ್ದು ಕೇಳಿದಾಗಲೇ ಅದು ಕದ್ದ ಸದ್ದೆಂದು ತನಗೆ ಗೊತ್ತಾಗಿತ್ತು ಎಂದು ಕರಿಯಪ್ಪ ಸೇರಿಸಿದ. ಬೀದಿಯ ತಿರುವಿನವರೆಗೂ ಅರುಣಾಚಲಂನ ಕೂಗು ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ಅವನು ಎರಡೂಕಾಲಿಗೆ ಬಂದಿದ್ದ.

ವಾಪಸು ಬಸ್ಸಿನಲ್ಲಿ ಕೇಶವ ನಿಜ ಹೇಳಲೆಂದು ಎರಡು ಸಲ ಬಾಯಿ ತೆರೆದ. ಮೊದಲ ಸಲ ಮಾವ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಎರಡನೇ ಸಲ ಹೆಗಲ ಮೇಲೆ ಕೈ ಹಾಕಿ, ಈ ಹುಡುಗ ಇಲ್ಲದಿದ್ದರೆ ಇವತ್ತು ಮುಳುಗುತ್ತಿದ್ದೆ ಎಂದು ಕಂಡಕ್ಟರಿಗೆ ಹೇಳಿದರು. ತೆರೆದ ಬಾಯಿಗೆ ಏನಾದರೂ ಕೆಲಸ ಬೇಕಾಗಿದ್ದರಿಂದ ಕೇಶವ ಆಕಳಿಸಿದ.

ಆ ಕಾರನ್ನು ಧರ್ಮಪುರಿಯದೇ ಇನ್ನೊಂದು ಮಂಟಪದ ಶಿವರಾಮನ್ ಕೊಂಡ. ಚೇರ್ಮನ್ ಮಗನ ಮದುವೆಯೂ ಅಲ್ಲಿಗೇ ಹೋಯಿತು. ಮೆರವಣಿಗೆ ಹಾದುಹೋದಾಗ ಮಾವ ಖಾಲಿ ಮಂಟಪದ ಮೆಟ್ಟಿಲ ಮೇಲೆ ನಿಂತು, ಪೊಲೀಸರು ಯಾವ ಕಡೆಯಿಂದ ಬರುತ್ತಾರೆಂದು ಕಾದರು. ಆರು ತಿಂಗಳಾದರೂ ಬರಲಿಲ್ಲ. ಆದರೂ ಇನ್ನು ಹಳೆಯ ಗಾಡಿಯ ಸಹವಾಸವೇ ಬೇಡವೆಂದು ತೀರ್ಮಾನಿಸಿದರು. ಒಂದಂಕಿಯ ಮೋಸವನ್ನೂ ಹಿಡಿಯುವ ಕಣ್ಣು ಬೇರೆಲ್ಲೂ ಹೋಗಬಾರದೆಂದು ಉಗ್ರಾಣದ ಜೊತೆಗೆ ಅಡುಗೆಮನೆಯ ಬೀಗದಕೈಯನ್ನೂ ಅಳಿಯನಿಗೇ ಒಪ್ಪಿಸಿದರು.

ನಂಬರು ಸರಿಯಾಗಿಯೇ ಇತ್ತು ಎಂದು ಚೆನ್ನಕೇಶವ ಮಾವನಿಗೆ ಕೊನೆಗೂ ಹೇಳಲಿಲ್ಲ.