ಬಡಿಗೆ ಬಾ, ಪುಟ್ಟೀ!

ಪುಸ್ತಕ ಬರೆದವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಕಂಡಕಂಡವರನ್ನು ನಿಲ್ಲಿಸಿ 'ಓದಿದಿರಾ?' ಎಂದು ಕೇಳುವುದು. ನಾನಂತೂ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಪರಿಚಯದವರನ್ನೂ ಬಿಟ್ಟವನಲ್ಲ. ಹಾಗೆಂದು ನಾನು ಬರೆದದ್ದು ಮಹಾಗ್ರಂಥವೇನೂ ಅಲ್ಲ. ಮೊದಲ ಸಲ ಶಾಲೆಗೆ ಹೊರಟ ಪುಟ್ಟಿಯ ಕತೆ. ಪುಟಕ್ಕೊಂದು ಚಿತ್ರ, ಚಿತ್ರಕ್ಕೊಂದು ಸಾಲು. ಬೇಗಂಪೇಟೆಯ ನಮ್ಮ ಆಫೀಸಿನ ಕುಲಕರ್ಣಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಭಾಳ ಛಲೋ ಐತ್ರಿ. ಆದ್ರ ಓದೂದು ಎಲ್ಲೈತಿ?" ಎಂದರು. ಮೇಲಿನ ಮನೆಯ ಸಾಫ್ಟ್‌ವೇರ್ ದಂಪತಿ, ಅವರೂ ನಮ್ಮ ಕಡೆಯವರೇ, ಮಗನಿಗೆ ಕನ್ನಡ ಅಕ್ಷರ ಬಾರದು, ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಮೇಲ್ ಮಾಡಬಹುದೇ ಎಂದು ವಿಚಾರಿಸಿದರು. ಪೂರ್ತಿ ಓದಿದವಳು ನನ್ನ ಹೆಂಡತಿ ಒಬ್ಬಳೇ. ಓದಿ, "ಕಡೀ ಪುಟದಾಗ ಇದೇನ್ರಿ, ಕೂಸಿಗೆ ಬಡಿಯಾಕತ್ತಾರೇನು?" ಎಂದಳು.

ನನಗೋ ಆ ಪುಟದ ಬಗ್ಗೆಯೇ ಭಾರಿ ಹೆಮ್ಮೆ. ಹೈದರಾಬಾದಿನ ಕನ್ನಡ ಮಕ್ಕಳ ಕಿವಿಗೆ ದಿನವಿಡೀ ತೆಲುಗು ಬೀಳುತ್ತದೆ. ತೆಲುಗಿನಲ್ಲಿ ಶಾಲೆಗೆ ಬಡಿ ಎನ್ನುತ್ತಾರೆ. ಇಲ್ಲಿಯ ಸೊಗಡು ಇರಲಿ ಎಂದು ಟೀಚರಮ್ಮನ ಬಾಯಿಂದ "ಬಡಿಗೆ ಬಾ, ಪುಟ್ಟೀ!" ಎನ್ನಿಸಿದ್ದೆ. ಚಿತ್ರ ಬರೆದ ಗೆಳೆಯ, ಬೋರ್ಡು ತೋರಿಸಲಿಕ್ಕೆ ಬೇಕಲ್ಲ ಎಂದು ಆಕೆಯ ಕೈಗೊಂದು ಕೋಲು ಬೇರೆ ಕೊಟ್ಟಿದ್ದ. ಕನ್ನಡದಲ್ಲಿ ಬಡಿ ಎಂದರೆ ಹೊಡೆ, ಬಡಿಗೆ ಎಂದರೆ ದೊಣ್ಣೆ ಎಂಬುದು ಕರಡು ತಿದ್ದಿದ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. "ಮಕ್ಕಳಿಗೆ ತಿಳೀತೈತಿ ಬಿಡು," ಎಂದು ಹೆಂಡತಿಯ ಬಾಯಿ ಮುಚ್ಚಿಸಿದೆ.

ಆಗ ನಮ್ಮ ಮನೆಯ ಪಕ್ಕದಲ್ಲಿ ಐಟಿಯವರಿಗೆಂದು ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಸುರಪುರದ ಕಡೆಯ ಶಿವಮ್ಮ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅವಳ ಮಗಳು ಭಾಗಿಯ ಆಟವೆಲ್ಲ ಲಿಫ್ಟಿಗೆಂದು ಬಿಟ್ಟ ಗುಂಡಿಯ ಸುತ್ತ. ಮಳೆಗಾಲದಲ್ಲಿ ಅದೇ ಗುಂಡಿಗೆ ಬಿದ್ದು ಇನ್ನೊಬ್ಬ ಕೂಲಿಯ ಮಗು ಸತ್ತಿತ್ತು. ಮರುದಿನ ಕೆಲಸ ಎಂದಿನಂತೆ ನಡೆಯಿತು. "ಅಕ್ಷರ ಬರಲಿ ಬಿಡಲಿ, ಸಾಹೇಬ್ರ, ಸಾಲ್ಯಾಗ ಕುಂತ್ರ ನನ್ನ ಕೂಸಿನ ಜೀವಾರ ಉಳೀತೈತಿ," ಎಂದು ಶಿವಮ್ಮ ಅತ್ತಳು. ನನ್ನ ಹೆಂಡತಿ ಓಡಾಡಿ ಹತ್ತಿರದ ತೆಲುಗು ಶಾಲೆಯಲ್ಲಿ ಭಾಗಿಯ ಹೆಸರು ಹಚ್ಚಿಸಿದಳು. ನನ್ನ ಕೈಲಾದ ಸೇವೆ ಎಂದು ನಾನು ನನ್ನ ಪುಸ್ತಕದ ಒಂದು ಪ್ರತಿ ಅವಳಿಗೆ ಕೊಟ್ಟು, ಓದಿಯೂ ಹೇಳಿದೆ.

ಹುಡುಗಿ ಬಾಯಿ ತೆರೆದುಕೊಂಡು ಕೇಳಿತು. ಕೊನೆಯ ಪುಟ ಬಂದಾಗ ಚಿತ್ರ ನೋಡಿತು, ನನ್ನ ಮುಖ ನೋಡಿತು.

"ಬಡಿಗಿಲೆ ಬಡೀತಾರೇನು, ಮುತ್ಯಾ?"

"ಇಲ್ಲವ್ವ, ತೆಲುಗಿನಾಗ ಬಡಿ ಅಂದ್ರ ಸಾಲಿ. ಯಾರೂ ಬಡಿಯಂಗಿಲ್ಲ, ನನ್ನಾಣೆ!"

ಭಾಗಿ ನಂಬಿದಳು. ಹೊಸ ರಿಬ್ಬನ್ ಕಟ್ಟಿಕೊಂಡು ಹೋಗಿಯೂ ಹೋದಳು. ವಾರ ತುಂಬುವುದರೊಳಗೆ ಅಂಗೈ ಮೇಲೆ ಬಾಸುಂಡೆ ಹೊತ್ತು ಬಂದಳು. ಟೀಚರು ತೆಲುಗಿನಲ್ಲಿ ಏನೋ ಕೇಳಿದ್ದಾರೆ, ಇವಳು ತಿಳಿಯದೆ ಸುಮ್ಮನೆ ನಿಂತಿದ್ದಾಳೆ. ನಾವು ಹೋಗಿ ಕೇಳಿದ್ದಕ್ಕೆ, "ಮೊದಲು ತೆಲುಗು ಕಲಿಸಿ ಕಳಿಸಿ," ಎಂದರು. ಭಾಷೆ ಕಲಿತು ಬಂದರೆ ಶಾಲೆಯಲ್ಲಿ ಇವರು ಏನು ಕಲಿಸುತ್ತಾರೋ! ಇದನ್ನು ಅಲ್ಲಿಯೇ ಕೇಳುವಷ್ಟು ಧೈರ್ಯ ನನಗಿರಲಿಲ್ಲ, ಹೊರಗೆ ಬಂದ ಮೇಲೆ ಹೆಂಡತಿಯ ಮುಂದೆ ಜೋರಾಗಿ ಕೇಳಿದೆ.

ಭಾಗಿ ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಗುಂಡಿಯ ಹೆದರಿಕೆಗೆ ಶಿವಮ್ಮ ಅವಳ ಸೊಂಟಕ್ಕೆ ಹಳೆಯ ಸೀರೆ ಬಿಗಿದು ಕಂಬಕ್ಕೆ ಕಟ್ಟಿಹಾಕತೊಡಗಿದಳು. ಒಂದು ಸಂಜೆ ನಾನು ಬಿಸ್ಕತ್ತು ಹಿಡಿದುಕೊಂಡು ಹೋದೆ. ಭಾಗಿ ಕಟ್ಟಿಸಿಕೊಂಡಲ್ಲೇ ಕೂತು, ಸಿಮೆಂಟು ಮೆತ್ತಿದ ನನ್ನ ಪುಸ್ತಕವನ್ನು ತೊಡೆಯ ಮೇಲೆ ಹರವಿಕೊಂಡಿದ್ದಳು.

"ಮುತ್ಯಾ, ನೀ ಬಾಯಿಲೆ ಹೇಳಿದ್ದು ಸುಳ್ಳು. ಪುಸ್ತಕದಾಗ ಬರ್ದಿದ್ದು ಖರೇ ಐತಿ," ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಸೀರೆಯ ಗಂಟನ್ನು ನೋಡಲಾಗದೆ ಮುಖ ತಿರುಗಿಸಿದೆ. ಅದು ನಿಜವೇ. ಆದರೆ ಅದಕ್ಕೂ ಒಂದು ಗಳಿಗೆ ಮೊದಲು, ನನ್ನ ಪುಸ್ತಕವನ್ನು ಒಪ್ಪಿದ ಓದುಗರೊಬ್ಬರು ಕಡೆಗೂ ಸಿಕ್ಕರಲ್ಲ ಎಂದು ನನಗೆ ಖುಷಿಯಾಗಿತ್ತು.