ಮದುವೆಯೇ ಆಗಿಲ್ಲವೆಂಬ ಶುಭ ಸಮಾಚಾರ

ಹೆಂಡತಿ ಜಗಳವಾಡಿ ಮನೆ ಬಿಟ್ಟು ಹೋದರೆ ಗಂಡನಿಗೆ ಒಂದು ಮರ್ಯಾದೆ ಇರುತ್ತದೆ. ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ, ಯಾರಾದರೂ ಒಂದು ಕಪ್ ಕಾಫಿ ಕುಡಿಸುತ್ತಾರೆ. ನನ್ನ ಹೆಂಡತಿ ಲವಾನ್ ಜಗಳವನ್ನೇ ಆಡಲಿಲ್ಲ. ಏಪ್ರಿಲ್‌ನಲ್ಲಿ ಅವಳ ಅಕ್ಕ ಮಾರ್ಲಿಸ್ ಮೆಟ್ಟಿಲು ಜಾರಿ ಸೊಂಟದ ಮೂಳೆ ಮುರಿದುಕೊಂಡಳು. "ಒಂದೆರಡು ವಾರ ನೋಡ್ಕೊಂಡು ಬರ್ತೀನಿ" ಎಂದು ಇವಳು ಪಕ್ಕದ ಕೌಂಟಿಯ, ಅಂದರೆ ಪಕ್ಕದ ಜಿಲ್ಲೆಯ, ಹ್ಯಾಡ್ಲಿ ಊರಿಗೆ ಹೊರಟಳು. ಈಗ ಆಗಸ್ಟು. ಮಾರ್ಲಿಸ್ ಚರ್ಚಿನ ಹಾಲ್‌ನಲ್ಲಿ ಪೋಲ್ಕಾ ನೃತ್ಯ ಕುಣಿದಳೆಂದು ನನಗೆ ಖಚಿತ ವರದಿ ಬಂದಿದೆ. ನನ್ನ ಹೆಂಡತಿ ಮಾತ್ರ ಇನ್ನೂ "ನೋಡ್ಕೊಳ್ತಾ" ಇದ್ದಾಳೆ.

ಹೋಗುವ ಮುಂಚೆ ಅವಳು ಫ್ರೀಜರ್ ತುಂಬ ಅಡುಗೆ ಮಾಡಿಟ್ಟು, ಡಬ್ಬಿಗಳ ಮೇಲೆ ಹೆಸರು ಬರೆದಿದ್ದಳು. ಎಲ್ಲ ತಿಂದು ಮುಗಿಸಿದೆ, ಒಂದನ್ನು ಬಿಟ್ಟು. ಅದರ ಮೇಲೆ "ಕೋಳಿ, ಬಿಸಿ ಮಾಡಿ ತಿನ್ನು, ಹಾಗೇ ತಿನ್ಬೇಡ" ಎಂದಿದೆ. ತಿಂದುಬಿಟ್ಟರೆ ಮನೆಯಲ್ಲಿ ನನ್ನನ್ನು ಗದರಿಸುವವರು ಯಾರೂ ಉಳಿಯುವುದಿಲ್ಲ. ಹಾಸಿಗೆಯಲ್ಲಿ ಅವಳ ಜಾಗ ಖಾಲಿ ಕಾಣದಿರಲೆಂದು ಒಗೆದ ಬಟ್ಟೆಗಳನ್ನು ಅಲ್ಲೇ ರಾಶಿ ಹಾಕಿದ್ದೇನೆ. (ಮಡಿಸಲು ಸೋಮಾರಿತನ ಎನ್ನುವವರು ಎನ್ನಲಿ.) ರೇಡಿಯೋದಲ್ಲಿ ಜೋಳದ ಧಾರಣೆ ಹೇಳುವ ಮಹಾಶಯನಿಗೆ ನಾನು ಉತ್ತರ ಕೊಡಲು ಶುರುಮಾಡಿದ್ದೇನೆ. ಅವನೂ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ.

"ಬಾ" ಎಂದು ಒಂದು ಮಾತು ಹೇಳಬಾರದೇ ಎನ್ನುತ್ತೀರಿ. ನೆಬ್ರಾಸ್ಕಾದ ಗಂಡಸರು ಅಂಥದ್ದೆಲ್ಲ ಬಾಯಿಬಿಟ್ಟು ಹೇಳುವವರಲ್ಲ. ನಾವು ಮಳೆಯ ವಿಷಯ ಮಾತಾಡುತ್ತೇವೆ. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ.

"ಅಲ್ಲಿ ಮಳೆ ಬಂತಾ?"

"ಸ್ವಲ್ಪ."

"ಇಲ್ಲೂ ಸ್ವಲ್ಪ."

"ಸರಿ ಹಾಗಾದ್ರೆ."

ನೀನಿಲ್ಲದೆ ಬದುಕಲಾರೆ ಎಂಬುದನ್ನು ನಮ್ಮ ಕಡೆ ಹೇಳುವುದೇ ಹೀಗೆ. ಅವಳಿಗೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಆಗಸ್ಟಿನ ಒಂದು ದಿನ ಫೋನ್ ಅವಳಿಂದಲೇ ಬಂತು. ರೇಡಿಯೋ ಆರಿಸಿ ಎತ್ತಿಕೊಂಡೆ.

"ವರ್ಲಿನ್, ನನ್ನ ಡ್ರೈವಿಂಗ್ ಲೈಸೆನ್ಸ್ ಮುಗೀತಾ ಬಂತು. ಈಗ ಹೊಸ ರೂಲ್ಸು. ಲವಾನ್ ಫಾಸ್ ಆಗಿ ಹುಟ್ಟಿದವಳು ಲವಾನ್ ಟೆಶ್ ಹೇಗಾದೆ ಅಂತ ಪ್ರೂಫ್ ಕೇಳ್ತಾರೆ. ಕೋರ್ಟ್‌ಹೌಸಿಗೆ ಹೋಗಿ ನಮ್ಮ ಮದುವೆ ದಾಖಲೆಯ ನಕಲು ತೆಗೆಸಿ ಕಳಿಸು."

"ಹೇಗಾದೆ ಅಂತ ನಾನು ಹೇಳಿದ್ರೆ ಸಾಲ್ದಾ?"

"ನಿನ್ನ ಮಾತು ನಾನೇ ಕೇಳಲ್ಲ, ಸರ್ಕಾರ ಕೇಳುತ್ತಾ?"

ಹೋದೆ. ನಮ್ಮ ಕೋರ್ಟ್‌ಹೌಸಿನಲ್ಲಿ ಮೀನು ಹಿಡಿಯುವ ಲೈಸೆನ್ಸು, ಬಾತುಕೋಳಿ ಹೊಡೆಯುವ ಲೈಸೆನ್ಸು, ಮದುವೆಯ ಲೈಸೆನ್ಸು ಎಲ್ಲ ಒಂದೇ ಕಿಟಕಿಯಲ್ಲಿ. ಮೊದಲೆರಡನ್ನು ವರ್ಷವರ್ಷ ಹೊಸದು ಮಾಡಿಸಬೇಕು. ಮೂರನೆಯದನ್ನು ಮಾತ್ರ ಒಂದು ಸಲ ತೆಗೆಸಿ ಕೈತೊಳೆದುಕೊಳ್ಳುತ್ತೇವೆ. ಕಿಟಕಿಯ ಆಚೆ ಕ್ಲರ್ಕ್ ಜೋಲೀನ್ ಕುಚೆರಾ ಕಂಪ್ಯೂಟರಿನಲ್ಲಿ ಹುಡುಕಿದಳು, ದಪ್ಪ ಪುಸ್ತಕ ತೆಗೆದು ಮತ್ತೆ ಹುಡುಕಿದಳು.

"ಟೆಶ್... ನಿಮ್ಮ ಅಪ್ಪಂದಿದೆ, ತಾತಂದಿದೆ. ನಿಮ್ಮ ತಮ್ಮ ಡ್ವೇನ್‌ದು ಮೂರು ಸಲ ಇದೆ. ನಿಮ್ದಿಲ್ಲ."

"ಸರಿಯಾಗಿ ನೋಡಮ್ಮ. ಇದೇ ಕೌಂಟೀಲಿ, ನಮ್ಮ ಲೂಥರನ್ ಚರ್ಚಲ್ಲೇ ಆಗಿದ್ದು. ಊರಿಗೆ ಊರೇ ಬಂದು ಹ್ಯಾಮ್ ತಿಂದಿದೆ."

"ತಿಂದವರ ದಾಖಲೆ ನಾವಿಡಲ್ಲ ಟೆಶ್ ಅವರೇ."

"ಹಾಗಾದ್ರೆ ಹೊಸದಾಗಿ ಲೈಸೆನ್ಸ್ ತಗೋಬೇಕಾ?"

"ತಗೊಳ್ಳೋದಾದ್ರೆ ಇಬ್ರೂ ಒಟ್ಟಿಗೆ ಬಂದು, ಇಲ್ಲೇ ನಿಂತು ಸಹಿ ಹಾಕ್ಬೇಕು. ಆದ್ರೆ ಅದಕ್ಕೆ ಮುಂಚೆ, ಆವತ್ತು ಲೈಸೆನ್ಸ್ ಎಲ್ಲಿ—"

ಇಬ್ಬರೂ ಒಟ್ಟಿಗೆ ಬರಬೇಕು! ಅಲ್ಲಿಂದ ಮುಂದೆ ನನ್ನ ಕಿವಿ ಕೆಲಸ ನಿಲ್ಲಿಸಿತು. ನನ್ನ ಹೆಂಡತಿಯನ್ನು ಮನೆಗೆ ಕರೆಸಲು ಸಾಕ್ಷಾತ್ ಸರ್ಕಾರವೇ ಫರ್ಮಾನು ಹೊರಡಿಸಿತ್ತು. ಜೋಲೀನ್ ಇನ್ನೂ ಏನೋ ಹೇಳುತ್ತಿದ್ದಳು, ನಾನಾಗಲೇ ಮೆಟ್ಟಿಲು ಇಳಿದು ಹೊರಗಿದ್ದೆ.

"ಲವಾನ್!" ಫೋನಿನಲ್ಲಿ ಕೂಗಿದೆ. "ನಮ್ಮ ಮದುವೆ ಆಗೇ ಇಲ್ಲ!"

ಹಿಂದಿನಿಂದ ಮಾರ್ಲಿಸ್ ದನಿ: "ಏನಂತೆ?"

"ನಮ್ಮ ಮದುವೆ ಆಗಿಲ್ವಂತೆ."

"ಹಾಗಾದ್ರೆ ಮೂವತ್ತೊಂಬತ್ತು ವರ್ಷ ಅಡುಗೆ ಮಾಡಿ ಹಾಕಿದ್ದು ಯಾರಿಗೆ ಅಂತ ಕೇಳು!"

"ಗುರುವಾರ ನೀನು ಬರ್ಲೇಬೇಕು," ಎಂದೆ. "ಕಾನೂನು. ನಾನೇನೂ ಮಾಡೋಕಾಗಲ್ಲ."

"ಬರ್ತೀನಿ," ಎಂದಳು. ಮಳೆಯ ವಿಷಯ ಕೇಳಲೇ ಇಲ್ಲ.

ಗುರುವಾರದೊಳಗೆ ಮನೆ ಗುಡಿಸಿದೆ, ಹಾಸಿಗೆಯ ಮೇಲಿನ ಬಟ್ಟೆ ಮಡಿಸಿದೆ, ಅಜ್ಜಿಯ ಕಾಲದ ಪಾತ್ರೆಯಲ್ಲಿ ದನದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿ ಆ ದಿನ ಬೆಳಿಗ್ಗೆಯೇ ಸಣ್ಣ ಉರಿಗೆ ಒಲೆಯಲ್ಲಿಟ್ಟೆ. ಮದುಮಗನಿಗೆ ತಕ್ಕ ಶರ್ಟು ತೊಟ್ಟೆ, ಅದರ ಗುಂಡಿಗಳು ಹೊಟ್ಟೆಯೊಂದಿಗೆ ಒಪ್ಪಂದಕ್ಕೆ ಬರಲಿಲ್ಲ.

ಕೋರ್ಟ್‌ಹೌಸಿನ ಕಿಟಕಿಯ ಮುಂದೆ ಲವಾನ್ ಆಗಲೇ ನಿಂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ಯಾವಾಗ ಮಾಡಿಸಿದಳೋ, ನನಗೆ ಗೊತ್ತೇ ಇಲ್ಲ. ಅದನ್ನು ನೋಡಿ ನನಗೆ ತುಂಬ ಬೇಸರವಾಯಿತು. ನಾನು ನಗುತ್ತಾ ಹೋಗಿ ಪಕ್ಕದಲ್ಲಿ ನಿಂತೆ.

"ಟೆಶ್ ಅವರೇ," ಎಂದಳು ಜೋಲೀನ್, "ಅವತ್ತು ನಾನು ಮಾತು ಮುಗಿಸೋ ಮೊದ್ಲೇ ಓಡಿಬಿಟ್ರಿ. ದಾಖಲೆ ಇರೋದು ಮದುವೆ ಆದ ಕೌಂಟೀಲಲ್ಲ, ಲೈಸೆನ್ಸ್ ಕೊಟ್ಟ ಕೌಂಟೀಲಿ."

ಲವಾನ್ ಚೀಲದಿಂದ ಮುದ್ರೆಯಿದ್ದ ಒಂದು ಕಾಗದ ತೆಗೆದು ಕಿಟಕಿಯಲ್ಲಿ ಇಟ್ಟಳು. "ನಮ್ಮಪ್ಪ ನಿನ್ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಲೈಸೆನ್ಸ್ ಕೊಡಿಸಿದ್ದು ಹ್ಯಾಡ್ಲೀಲಿ. ಮಾರ್ಲಿಸ್ ಮನೆಯಿಂದ ಎರಡು ಬೀದಿ. ನೀನು ಫೋನ್ ಇಟ್ಟ ಮೇಲೆ ನೆನಪಾಯ್ತು, ಹೋಗಿ ನಕಲು ತಗೊಂಡು ಬಂದೆ. ಕಾರಿನ ಲೈಸೆನ್ಸೂ ಆಯ್ತು."

ಆ ದಿನದ್ದು ನನಗೆ ನೆನಪಿದ್ದದ್ದು ಅವಳಪ್ಪನ ಮುಖ ಮಾತ್ರ. ಯಾವ ಊರು ಎಂದು ನೋಡುವ ಧೈರ್ಯ ಯಾರಿಗಿತ್ತು?

"ಗೊತ್ತಿದ್ದೂ ಯಾಕೆ ಬಂದೆ?"

"ಮದುವೆ ಆಗಿಲ್ಲ ಅಂತ ಹೇಳೋವಾಗ ನಿನ್ನ ದನೀಲಿ ಅಷ್ಟೊಂದು ಖುಷಿ ಇತ್ತು. ಯಾಕೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ." ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಅಯ್ಯೋ ದೇವರೇ! ನಾನು ಕುಣಿದಾಡಿದ್ದು ಅವಳಿಗೆ ಹೀಗೆ ಕೇಳಿಸಿತ್ತು. ನಮ್ಮ ಹಿಂದೆ ಲೈಸೆನ್ಸಿಗೆ ಬಂದ ಒಂದು ಎಳೆ ಜೋಡಿ, ಬಾತುಕೋಳಿ ಪರವಾನಗಿಗೆ ಬಂದ ಬಾಯಿಬಡುಕ ಎಲ್ಡನ್, ಮುಂದೆ ಜೋಲೀನ್. ನಾನು ಬಾಯಿ ತೆರೆದೆ. "ಈ ಸಲ ಮಳೆ..." ಎಂದು ಶುರುವಾಯಿತು. ತಡೆದುಕೊಂಡೆ.

"ಇಬ್ರೂ ಒಟ್ಟಿಗೆ ಬರ್ಬೇಕು ಅಂದ್ರು," ಎಂದೆ. "ನೀನು ಬರ್ತೀಯಲ್ಲ ಅಂತ ಖುಷಿ. ನೀನಿಲ್ದೆ ಆ ಮನೇಲಿ ಇರೋಕಾಗ್ತಿಲ್ಲ ಲವಾನ್."

ಎಲ್ಡನ್ ಟೊಪ್ಪಿ ತೆಗೆದ. ಸಂಜೆಯೊಳಗೆ ಇದು ಊರೆಲ್ಲ ಹರಡುವುದು ಖಂಡಿತ. ಹರಡಲಿ.

ಲವಾನ್ ಕರವಸ್ತ್ರ ಹುಡುಕಿದಳು. "ಇದನ್ನ ಏಪ್ರಿಲಲ್ಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಈಗ ಹೇಳಿದೆನಲ್ಲ. ನಡಿ ಮನೆಗೆ. ಊಟ ಒಲೇಲಿದೆ."

"ಬರಲ್ಲ."

"ಆಂ?"

"ಗಸ್ ಭಾವ ತೀರ್ಕೊಂಡ ಮೇಲೆ ಮಾರ್ಲಿಸ್ ಒಬ್ಳೇ. ಸೊಂಟ ಸರಿಹೋಯ್ತು, ಅವಳು ಸರಿಹೋಗಿಲ್ಲ. ಅವಳೂ ನಿನ್ನ ಹಾಗೇ, ಬಾಯಿಬಿಡೋಳಲ್ಲ. ಅಲ್ಲ ವರ್ಲಿನ್, ರಸ್ತೆ ಹಾಕಿರೋದು ಅಲ್ಲಿಂದ ಇಲ್ಲಿಗೆ ಬರೋಕೆ ಮಾತ್ರನಾ? ಇಷ್ಟು ತಿಂಗಳಲ್ಲಿ ನೀನು ಒಂದ್ಸಲನಾದ್ರೂ ಬಂದ್ಯಾ?"

ನನ್ನಾಣೆಗೂ, ಅದು ನನಗೆ ಹೊಳೆದೇ ಇರಲಿಲ್ಲ.

ಹೀಗಾಗಿ, ಹೆಂಡತಿಯನ್ನು ಮನೆಗೆ ಕರೆತರಲು ಹೋದ ಮಹಾಪುರುಷ ಮನೆಯ ಒಲೆಯಿಂದ ಬಿಸಿ ಪಾತ್ರೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಅವಳ ಕಾರಿನಲ್ಲೇ ಹ್ಯಾಡ್ಲಿಗೆ ಹೋದ. ಮಾರ್ಲಿಸ್ ಬಾಗಿಲು ತೆರೆದು, ತಂಗಿಯನ್ನು ನೋಡಿ, "ಮದುವೆ ಆಗಿದ್ಯಂತಲ್ಲೇ, ಪಾಪ," ಎಂದಳು. ಆಮೇಲೆ ನನಗೆ, "ಲವಾನ್ ಮಂಚ ಸಣ್ಣದು. ನೀನು ಕೆಳಗೆ, ಗಸ್‌ನ ಮಡಿಚೋ ಮಂಚದಲ್ಲಿ."

ಊಟವಾಯಿತು. ಮಾಂಸ ಸ್ವಲ್ಪ ಒಣಗಿದೆ ಎಂದು ಅಕ್ಕ ತಂಗಿ ಒಮ್ಮತದಿಂದ ತೀರ್ಪು ಕೊಟ್ಟು, ಪೂರ್ತಿ ಖಾಲಿ ಮಾಡಿದರು. ನನ್ನನ್ನು ನೆಲಮಾಳಿಗೆಗೆ ಕಳಿಸಿದರು. ಒಂದು ಕಡೆ ನೀರು ಕಾಯಿಸುವ ಟ್ಯಾಂಕು, ಇನ್ನೊಂದು ಕಡೆ ಕ್ರಿಸ್‌ಮಸ್ ಮರದ ಪೆಟ್ಟಿಗೆ, ನಡುವೆ ನಾನು. ಮನೆಯಲ್ಲಿ ಒಬ್ಬನೇ ಇದ್ದೆ, ಇಲ್ಲಿಯೂ ಒಬ್ಬನೇ. ಮೇಲೆ ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು, ಬಹುಶಃ ನನಗೇ. ಲವಾನ್ ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡುಗೆಮನೆಗೆ ಓಡಾಡುವ ಹೆಜ್ಜೆ ಕೇಳುತ್ತಿತ್ತು. ಅವಳ ನಡಿಗೆ ನನಗೆ ಗೊತ್ತಾಗದೇ? ಮಂಚದ ತುದಿಯಲ್ಲಿ ಕೂತು ಕೇಳುತ್ತಿದ್ದೆ.

ಹೆಜ್ಜೆ ಮೆಟ್ಟಿಲ ಹತ್ತಿರ ಬಂದು ನಿಂತಿತು.

"ವರ್ಲಿನ್, ಎದ್ದಿದ್ದೀಯಾ?"

"ಎದ್ದಿದ್ದೀನಿ!"

"ಹಾಗಾದ್ರೆ ಮೇಲೆ ಬಾ. ಪಾತ್ರೆ ಹಾಗೇ ಬಿದ್ದಿದೆ, ಯಾರು ತೊಳೀತಾರೆ?"

ಅಷ್ಟು ವೇಗವಾಗಿ ನಾನು ಯಾವ ಮೆಟ್ಟಿಲನ್ನೂ ಹತ್ತಿಲ್ಲ.