ಪಕ್ಕದ ಸೀಟಿನ ಬ್ರೇಕು

ಬ್ರೇಕ್ ಮೇಷ್ಟ್ರ ಬಲಗಾಲಿಗೆ ಊರಲ್ಲಿ ಇರುವ ಖ್ಯಾತಿ ಅವರ ಮುಖಕ್ಕೆ ಇಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವರ ಕೆಲಸ. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತರೆ ಮೇಷ್ಟ್ರಿಗೆ ಪಕ್ಕದ ಸೀಟು. ಅಲ್ಲಿ ಸ್ಟೇರಿಂಗ್ ಇಲ್ಲ, ಆಕ್ಸಿಲರೇಟರ್ ಇಲ್ಲ, ಪಾಪ, ಒಂದು ಹಾರ್ನ್ ಕೂಡ ಇಲ್ಲ. ಕಾಲಡಿಗೆ ಇರುವುದು ಒಂದು ಹೆಚ್ಚುವರಿ ಬ್ರೇಕು ಮಾತ್ರ. ಆ ಬ್ರೇಕಿಗೂ ಕಲಿಯುವವರ ಬ್ರೇಕಿಗೂ ನಡುವೆ ಒಂದು ಕಬ್ಬಿಣದ ಕಂಬಿ. ಮೇಷ್ಟ್ರು ಇಲ್ಲಿ ತುಳಿದರೆ ಅಲ್ಲಿ ಕಾರು ಗಕ್ಕನೆ ನಿಲ್ಲುತ್ತದೆ. ಮೇಷ್ಟ್ರ ಯೌವನವೆಲ್ಲ ಈ ತುಳಿತದಲ್ಲೇ ಸವೆದುಹೋಯಿತು. (ಚಪ್ಪಲಿಯೂ ಅಷ್ಟೇ. ಬಲಗಾಲಿನದು ತೂತಾಗುವಾಗ ಎಡಗಾಲಿನದು ಹೊಸದಾಗಿಯೇ ಇರುತ್ತದೆ. ಮನೆಯ ಮೂಲೆಯಲ್ಲಿ ಜೋಡಿ ಕಳೆದುಕೊಂಡ ಎಡಗಾಲಿನ ಚಪ್ಪಲಿಗಳದೇ ಒಂದು ಸಂಸಾರ ಇದೆ.)

ಅವರ ಕಾರನ್ನು ಸೈಕಲ್ಲಿನವರು ಹಿಂದೆ ಹಾಕುತ್ತಾರೆ. ಹಾಕಿ, ತಿರುಗಿ ಬೇರೆ ನೋಡುತ್ತಾರೆ! ಒಮ್ಮೆಯಂತೂ ಕೋಲೂರಿಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು ಕಿಟಕಿಗೆ ಬಗ್ಗಿ, "ಏನಪ್ಪಾ, ತಳ್ಳಬೇಕಾ?" ಅಂತ ಕೇಳಿದ್ದರು.

ಇಂಥ ಮೇಷ್ಟ್ರ ಎದೆಯೊಳಗೆ ಒಂದು ಕೆಂಪು ರೇಸ್ ಕಾರು ನಿಂತಿತ್ತು, ಇಂಜಿನ್ ಆರಿಸದೆ. ಟೀವಿಯಲ್ಲಿ ರೇಸು ಬಂದರೆ ಸಾಕು, ತಿರುವು ತಿರುವಿಗೂ ಸೋಫಾದ ಮೇಲೆ ವಾಲುತ್ತಿದ್ದರು. ಪಕ್ಕದಲ್ಲಿ ಯಾರು ಕೂತಿದ್ದರೂ ಅವರ ಕಾಫಿ ಅವರ ಮಡಿಲಿಗೆ. ಮೇಷ್ಟ್ರಿಗೆ ಬೇಕಾಗಿದ್ದು ಕಪ್ಪಲ್ಲ, ಪದಕವಲ್ಲ. ಯಾರೂ ನಿಲ್ಲಿಸದ ಹಾಗೆ, ತಾನೂ ನಿಲ್ಲಿಸದ ಹಾಗೆ, ಒಂದೇ ಒಂದು ಪೂರ್ತಿ ಸುತ್ತು. ಬ್ರೇಕ್ ಮುಟ್ಟದೆ. ಅಷ್ಟೇ.

ಹೀಗಿರುವಾಗ ಸ್ಕೂಲಿನ ಹಳೇ ಕಾರು ಗುಜರಿಗೆ ಹೊರಟಿತು. ಅದೇ ವಾರ ಮೇಷ್ಟ್ರು ಒಂದು ವಿಡಿಯೋ ನೋಡಿದರು. ಯಾರೋ ಪುಣ್ಯಾತ್ಮ ಕಾರಿನ ಸೀಟಿಗೆ ವೈಪರ್ ಮೋಟಾರು ಕಟ್ಟಿ, ಕಂಪ್ಯೂಟರಿನ ರೇಸ್ ಗೇಮಿಗೆ ಜೋಡಿಸಿದ್ದಾನೆ. ಗೇಮಿನ ಕಾರು ಎಡಕ್ಕೆ ತಿರುಗಿದರೆ ಸೀಟೂ ವಾಲುತ್ತದೆ, ವೇಗ ಏರಿದರೆ ಹಿಂದಕ್ಕೆ ಬೀಳುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ಬಗ್ಗುತ್ತದೆ. ಮನೆಯಲ್ಲೇ ರೇಸು! ಮೇಷ್ಟ್ರು ಅವತ್ತು ಊಟ ಮಾಡಿದರೋ ಇಲ್ಲವೋ ಅವರಿಗೇ ನೆನಪಿಲ್ಲ.

ಮರುದಿನವೇ ಹಳೇ ಕಾರಿನ ಸೀಟು, ಸ್ಟೇರಿಂಗು, ಪೆಡಲುಗಳು, ವೈಪರ್ ಮೋಟಾರುಗಳು ಮೆರವಣಿಗೆಯಲ್ಲಿ ಮನೆಗೆ ಬಂದವು. ಪೆಡಲುಗಳನ್ನು ಬಿಚ್ಚಿ ಬೇರೆ ಮಾಡಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಪಕ್ಕದ ಬ್ರೇಕು, ನಡುವಿನ ಕಂಬಿ, ಎಲ್ಲ ಇದ್ದ ಹಾಗೇ ಎತ್ತಿ ತಂದರು. ಎಷ್ಟು ವರ್ಷದ ಸಂಗಾತಿ, ಅದನ್ನೊಂದನ್ನೇ ಗುಜರಿಗೆ ಹೇಗೆ ಕಳಿಸುವುದು?

"ರೀ, ಮಳೆ ನೀರು ಒರೆಸೋ ಮೋಟಾರು ನಿಮ್ಮನ್ನ ಎತ್ತುತ್ತಾ?" ಅಂದಳು ಹೆಂಡತಿ. ಆಕೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾವುದನ್ನೂ ದಿಟ್ಟಿಸಿ ನೋಡದೆ ಬಿಡುವವಳಲ್ಲ.

"ಎತ್ತುತ್ತೆ ಕಣೇ. ವಿಡಿಯೋದಲ್ಲಿ ಎತ್ತಿದೆ."

"ವಿಡಿಯೋದಲ್ಲಿರೋನು ಗಾಳಿ ಬೀಸಿದ್ರೆ ಹಾರೋ ಹಂಗಿದಾನೆ. ನೀವು ಕೂರೋ ಮುಂಚೆ ಮೋಟಾರಿಗೆ ಒಂದು ಮಾತು ಹೇಳಿ."

ಈ ಹೆಂಡತಿಗೂ ಒಂದು ಕಥೆ ಇದೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರ ಹತ್ತಿರವೇ ಕಾರು ಕಲಿಯಲು ಹೊರಟಿದ್ದಳು. "ನಿಧಾನ, ನಿಧಾನ" ಅನ್ನುವುದು ಬಿಟ್ಟರೆ ಮೇಷ್ಟ್ರ ಬಾಯಲ್ಲಿ ಬೇರೆ ಪಾಠವೇ ಇರಲಿಲ್ಲ. "ಹೋಗು" ಅಂತ ಅವರು ಯಾರಿಗೂ ಹೇಳಿದವರಲ್ಲ, ಹೆಂಡತಿಗೆ ಹೇಳುತ್ತಾರಾ? ಒಂದು ದಿನ ನಡುರಸ್ತೆಯಲ್ಲಿ ಗಕ್ಕನೆ ತುಳಿದರು.

"ಯಾಕ್ರೀ?"

"ನಾಯಿ!"

"ನಾಯಿ ಫುಟ್‌ಪಾತ್ ಮೇಲೆ ಮಲಗಿದೆ!"

"ಎದ್ರೆ?"

ಆಕೆ ಕಾರಿನಿಂದ ಇಳಿದು, ಹಿಂದೆ ಬರುತ್ತಿದ್ದ ಬಸ್ಸು ಹತ್ತಿದವಳು ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾಳೆ. ಡ್ರೈವರ್ ಹಿಂದಿನ ಸೀಟೇ ಬೇಕು ಅವಳಿಗೆ. ತಿರುವು ಬಂದಾಗ ಮಡಿಲಲ್ಲಿರುವ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು, ಯಾರಿಗೂ ಕಾಣದಷ್ಟು ಮೆಲ್ಲಗೆ ತಿರುಗಿಸುತ್ತಾಳೆ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಅಂತೂ ಒಂದು ಭಾನುವಾರ ಬೆಳಿಗ್ಗೆ ಮಹಾಯಂತ್ರ ಸಿದ್ಧವಾಯಿತು. ನಡುಮನೆಯಲ್ಲಿ ಸೀಟು, ಎದುರಿಗೆ ಟೀವಿ. ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ಬಂದರು.

"ಮನೇಲಿ ಹೆಲ್ಮೆಟ್ ಯಾಕೋ? ಸೂರು ಬೀಳುತ್ತೇನೋ?" ಅಂದರು ಅವರ ತಾಯಿ. ಬಟಾಣಿ ಸುಲಿಯುವ ತಟ್ಟೆ ಹಿಡಿದು, ಟೀವಿ ಸರಿಯಾಗಿ ಕಾಣಲಿ ಅಂತ ಕುರ್ಚಿಯನ್ನು ಮಗನ ಸೀಟಿನ ಪಕ್ಕಕ್ಕೇ ಎಳೆದುಕೊಂಡು ಕೂತರು.

ಮೇಷ್ಟ್ರು ಬ್ರೇಕೇ ಬೇಡದ ಟ್ರ್ಯಾಕನ್ನು ಹುಡುಕಿ ಇಟ್ಟಿದ್ದರು. ದುಂಡಗೆ, ಅಗಲವಾಗಿ, ಅನ್ನದ ತಟ್ಟೆಯ ಹಾಗಿತ್ತು. ಹಸಿರು ದೀಪ ಬಿತ್ತು. ಕೆಂಪು ಕಾರು ಚಿಮ್ಮಿತು. ಮೋಟಾರುಗಳು ಗೊರ್ರೆಂದು ಸೀಟನ್ನು ಹಿಂದಕ್ಕೆ ಒತ್ತಿದವು. ಬೆನ್ನಿಗೆ ಯಾರೋ ಅಂಗೈ ಇಟ್ಟು, ನಡಿ, ನಾನಿದೀನಿ, ಅಂದ ಹಾಗೆ. ಮೇಷ್ಟ್ರ ಕಣ್ಣು ಹೆಲ್ಮೆಟ್ಟಿನೊಳಗೆ ಮಂಜಾಯಿತು. ಎಷ್ಟು ವರ್ಷ ಕಾದಿದ್ದರು ಈ ಒಂದು ಒತ್ತಿಗೆ!

ಮೊದಲ ತಿರುವು ಬಂತು. ಸೀಟು ಧಡಕ್ಕನೆ ಮುಂದಕ್ಕೆ ಬಾಗಿ ಟೀವಿಗೆ ನಮಸ್ಕಾರ ಮಾಡಿತು. ಹೆಲ್ಮೆಟ್ ಸ್ಟೇರಿಂಗಿಗೆ ಠಣ್ಣೆಂದಿತು. ಕಾರು ನಿಂತಿತ್ತು. ಉಳಿದ ಕಾರುಗಳೆಲ್ಲ ಸೊಂಯ್ ಸೊಂಯ್ ಅಂತ ಮುಂದೆ ಹೋದವು.

"ನನ್ನ ಹಾಳು ಕಾಲು!" ಅಂದರು ಮೇಷ್ಟ್ರು. "ಅಭ್ಯಾಸ ಬಿಡ್ತಿಲ್ಲ."

ಮತ್ತೆ ಶುರು. ಮತ್ತೆ ತಿರುವು. ಮತ್ತೆ ನಮಸ್ಕಾರ. ಮೇಷ್ಟ್ರು ರೊಚ್ಚಿಗೆದ್ದು ಪ್ಯಾಂಟಿನ ಬೆಲ್ಟ್ ಬಿಚ್ಚಿ ಬಲಗಾಲನ್ನು ಸೀಟಿನ ಕಾಲಿಗೆ ಬಿಗಿದು, ಎಡಗಾಲಿನಲ್ಲಿ ಆಕ್ಸಿಲರೇಟರ್ ಒತ್ತಿದರು. (ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಪ್ಯಾಂಟು. ರೇಸಿನ ಇತಿಹಾಸದಲ್ಲಿ ಇಂಥ ಚಾಲಕ ಇನ್ನೊಬ್ಬನಿರಲಾರ.) ತಿರುವು ಬಂತು. ಸೀಟು ಭಕ್ತಿಯಿಂದ ಬಾಗಿತು.

ಮೇಷ್ಟ್ರು ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. "ಬಿಡೇ, ನನ್ನ ಹಣೇಲೇ ಬ್ರೇಕ್ ಬರೆದಿದೆ. ಕಾಲು ಕಟ್ಟಿದ್ರೂ ಬೀಳುತ್ತೆ."

"ಹಣೆ ಆಮೇಲೆ ನೋಡೋಣ, ಮೊದಲು ಅತ್ತೆ ಕಾಲು ನೋಡ್ರಿ," ಅಂದಳು ಹೆಂಡತಿ.

ಎಲ್ಲರೂ ನೋಡಿದರು. ತಾಯಿಯೂ ಬಗ್ಗಿ ನೋಡಿಕೊಂಡರು. ಪಕ್ಕದ ಬ್ರೇಕಿನ ಮೇಲೆ ಅವರ ಬಲಪಾದ ಗಟ್ಟಿಯಾಗಿ ಕೂತಿತ್ತು.

"ಅಮ್ಮಾ! ನೀನಾ?"

"ಕಾಲಿಡೋಕೆ ಮಣೆ ಥರ ಇತ್ತಪ್ಪ, ಇಟ್ಟೆ. ನೀನು ಗೋಡೆ ಕಡೆ ಅಷ್ಟು ಜೋರಾಗಿ ನುಗ್ಗಿದ್ರೆ ಹೆತ್ತ ಕರುಳು ಸುಮ್ನಿರುತ್ತಾ? ತಾನಾಗೇ ತುಳೀತು."

"ಈಗ ಗೊತ್ತಾಯ್ತು ಈ ಮನೆಗೆ ಬ್ರೇಕ್ ಎಲ್ಲಿಂದ ಬಂತು ಅಂತ," ಅಂದಳು ಹೆಂಡತಿ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ, ಸಂತೋಷ ಉಕ್ಕಿತು. ತಪ್ಪು ತನ್ನ ಕಾಲಿನದಲ್ಲ! ತಾಯಿಯನ್ನು ತಟ್ಟೆಯ ಸಮೇತ ಸೋಫಾಕ್ಕೆ ವರ್ಗಾಯಿಸಿ, ಬೆಲ್ಟನ್ನು ಅದರ ಧರ್ಮಕ್ಕೆ ಮರಳಿಸಿ, ಮತ್ತೆ ಕೂತರು. ಈಗ ಪಕ್ಕದಲ್ಲಿ ಯಾರೂ ಇಲ್ಲ. ಹಸಿರು ದೀಪ. ಬೆನ್ನಿಗೆ ಅದೇ ಅಂಗೈ. ಎದುರಿಗೆ ತಿರುವು ತೋಳು ಚಾಚಿ ಕರೆಯಿತು.

ಧಡಕ್. ನಮಸ್ಕಾರ. ಠಣ್.

ಈ ಸಲ ಎಲ್ಲರೂ ನೋಡಿದ್ದು ಮೇಷ್ಟ್ರ ಬಲಗಾಲನ್ನೇ. ಅದು ಬ್ರೇಕಿನ ಮೇಲಿತ್ತು. ಮೇಷ್ಟ್ರು ಅದನ್ನು ಬೇರೆ ಯಾರದೋ ಕಾಲಿನ ಹಾಗೆ ಬಹಳ ಹೊತ್ತು ನೋಡಿದರು.

"ಇಳೀರಿ, ನಾನೊಂದ್ಸಲ ನೋಡ್ತೀನಿ," ಅಂದಳು ಹೆಂಡತಿ.

ಹೆಲ್ಮೆಟ್ಟಿಲ್ಲ, ಗಿಲ್ಮೆಟ್ಟಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮೇಷ್ಟ್ರು ಗೊತ್ತಿಲ್ಲದೇನೇ ತಾಯಿ ಬಿಟ್ಟ ಕುರ್ಚಿಯಲ್ಲಿ ಕೂತರು. ಕಾರು ಹೊರಟಿತು. ಮೊದಲ ತಿರುವಿಗೆ ಆಕೆಯ ಕೈ ಮೆಲ್ಲಗೆ ತಿರುಗಿತು, ಎಷ್ಟೋ ವರ್ಷ ಬ್ಯಾಗಿನ ಮೇಲೆ ಸಾಧನೆ ಮಾಡಿದ ಕೈ. ಸೀಟು ತೊಟ್ಟಿಲಿನ ಹಾಗೆ ವಾಲಿ ನೆಟ್ಟಗಾಯಿತು. ಎರಡನೇ ತಿರುವಿನಲ್ಲಿ ಗೋಡೆ ಹತ್ತಿರ ಬಂತು.

ಧಡಕ್!

ಆಕೆ ನಿಧಾನಕ್ಕೆ ಕತ್ತು ತಿರುಗಿಸಿದಳು. ಅದೇ ನೋಟ. ಕಾರಿನಿಂದ ಇಳಿದು ಬಸ್ಸು ಹತ್ತುವ ಮುಂಚೆ ನೋಡಿದ್ದ ನೋಟ.

"ಗೋಡೆ ಬಂತು ಕಣೇ..." ಅಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ನಂಗೂ ಕಣ್ಣಿದೆ ರೀ. ಇಡೀ ಊರಿಗೆ ಕಣ್ಣು ಕಾಣೋ ಹಾಗೆ ಮಾಡೋದೇ ನನ್ನ ಕೆಲಸ." ಆಕೆ ಮತ್ತೆ ಟೀವಿ ಕಡೆ ತಿರುಗಿದಳು. "ಅವತ್ತೂ ನಾಯಿ ಕಂಡಿತ್ತು ನಂಗೆ."

ಮೇಷ್ಟ್ರು ಎದ್ದು ಹೋಗಿ ಸ್ಪ್ಯಾನರ್ ತಂದರು. ನೆಲಕ್ಕೆ ಮಂಡಿಯೂರಿ, ಎರಡು ಬ್ರೇಕುಗಳ ನಡುವಿನ ಕಂಬಿಯನ್ನು ತಾವೇ ಬಿಚ್ಚಿದರು. ತುಕ್ಕು ಹಿಡಿದ ನಟ್ಟು ಕಿರ್ರೆಂದಿತು. ಕಂಬಿಯನ್ನು ತೆಗೆದು ಮೂಲೆಯಲ್ಲಿದ್ದ ಎಡಗಾಲಿನ ಚಪ್ಪಲಿಗಳ ಸಂಸಾರಕ್ಕೆ ಸೇರಿಸಿ ಬಂದರು.

ಆಮೇಲೆ ಆಕೆ ಓಡಿಸಿದಳು. ಮೊದಲ ತಿರುವು, ಎರಡನೆಯದು, ಆಮೇಲಿನ ಉದ್ದನೆಯ ನೇರ ದಾರಿ. ಮೇಷ್ಟ್ರು ಕನಸಿನಲ್ಲಿ ಮಾತ್ರ ಕಂಡಿದ್ದ ಆ ದಾರಿ ಟೀವಿಯ ತುಂಬ ತೆರೆದುಕೊಂಡಿತು. ಕೆಂಪು ಕಾರು ಬ್ರೇಕ್ ಮುಟ್ಟದೆ ಗೆರೆ ದಾಟಿತು. ಒಂದು ಪೂರ್ತಿ ಸುತ್ತು.

"ಇಳಿಯೇ, ಈಗ ನಾನು!" ಅಂತ ಮೇಷ್ಟ್ರು ಅರ್ಧ ಎದ್ದರು.

"ಕೂತ್ಕೊಳೋ, ನಿಂದೇನು ಅವಸರ," ಅಂದರು ತಾಯಿ, ಬಟಾಣಿ ತಟ್ಟೆಯನ್ನು ಮಗನ ಮಡಿಲಿಗೆ ಇಟ್ಟು ಹೆಲ್ಮೆಟ್ಟಿಗೆ ಕೈ ಹಾಕುತ್ತಾ. "ಅವಳಾದ್ಮೇಲೆ ನಾನು. ನಾನಾದ್ಮೇಲೆ ನೀನು."

ಆಕೆ ಆಗಲೇ ಎರಡನೇ ಸುತ್ತಿಗೆ ನುಗ್ಗಿದ್ದಳು. ಮೇಷ್ಟ್ರು ಕೂತು ಬಟಾಣಿ ಸುಲಿಯತೊಡಗಿದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು, ಯಾವುದಕ್ಕೂ ಅಂಟಿಕೊಂಡಿಲ್ಲದ ಆ ಪೆಡಲನ್ನು ತುಳಿಯುತ್ತಲೇ ಇತ್ತು.

"ಏನ್ರೀ ಅದು ಟಕ್ ಟಕ್ ಅಂತ?" ಟೀವಿಯಿಂದ ಕಣ್ಣು ಕೀಳದೆ ಕೇಳಿದಳು ಹೆಂಡತಿ.

"ಏನಿಲ್ಲ ಕಣೇ," ಅಂದರು ಬ್ರೇಕ್ ಮೇಷ್ಟ್ರು. "ನೀನು ಹೋಗು."